ಶಾಲೆ ಹೋಯಿತು, ಒಲೆ ಉಳಿಯಿತು

ಶಾಲೆಯೊಂದನ್ನು ಎತ್ತಿ ಇನ್ನೊಂದು ಕಡೆ ಇಡುವುದು ಹೇಗೆ ಎಂದು ಶಿಕ್ಷಕರ ತರಬೇತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮಗುವಿನ ಮನಸ್ಸು, ಪಾಠದ ಯೋಜನೆ, ಹಲಗೆಯ ಮೇಲೆ ದುಂಡಗೆ ಬರೆಯುವುದು, ಎಲ್ಲ ಹೇಳಿಕೊಡುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಗುತ್ತದೆ, ಎಣಿಸಬೇಕಾದದ್ದು ಮೊಟ್ಟೆ, ಕಾಯಬೇಕಾದದ್ದು ಗ್ಯಾಸ್ ಸಿಲಿಂಡರು, ಸಮಾಧಾನ ಮಾಡಬೇಕಾದದ್ದು ಮಕ್ಕಳನ್ನಲ್ಲ, ಮಕ್ಕಳ ಅಜ್ಜಂದಿರನ್ನು ಎಂದು. ಈಗ ಹೊಸದಾಗಿ ಹಳ್ಳಿ ಶಾಲೆಗಳಿಗೆ ಹೊರಟಿರುವ ಹುಡುಗ ಹುಡುಗಿಯರು ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದು "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ನಾನು ಕೊಡುವುದು ಒಂದೇ ಟಿಪ್ಸ್. ಮೊದಲ ದಿನವೇ ಅಡುಗೆಯವರ ಸ್ನೇಹ ಮಾಡಿಕೊಳ್ಳಿ. ಅವರು ನಕ್ಕು, ಕಾಫಿ ಕುಡಿದು, ಅಷ್ಟಕ್ಕೇ ಮರೆತುಬಿಡುತ್ತಾರೆ. ಆದ್ದರಿಂದ ಬರೆದೇ ಇಡೋಣ ಅಂತ ಕೂತಿದ್ದೇನೆ.

ನನ್ನ ಕೊನೆಯ ಶಾಲೆ ತೂಬಗೆರೆ ಹೋಬಳಿಯ ಒಂದು ಊರಿನಲ್ಲಿತ್ತು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯವರು ಇವತ್ತಿಗೂ ನನಗೆ ಅವರೆಕಾಯಿ ಕಳಿಸುತ್ತಾರೆ, ಅದು ನಿಂತುಹೋದರೆ ಕಷ್ಟ. ಒಂದರಿಂದ ಐದನೇ ತರಗತಿಯವರೆಗಿನ ಶಾಲೆ. ಮುಖ್ಯ ಶಿಕ್ಷಕಿ ನಾನು, ನನ್ನ ಜೊತೆ ಇನ್ನೊಬ್ಬ ಸಹಶಿಕ್ಷಕಿ. ಕಟ್ಟಡ ಬಸ್ ನಿಲ್ದಾಣದ ಪಕ್ಕದಲ್ಲೇ ಇತ್ತು. ಮೆಟ್ಟಿಲುಗಳಿಲ್ಲ, ಸಮತಟ್ಟು. ಚುನಾವಣೆ ಬಂದಾಗ ಅದೇ ಮತಗಟ್ಟೆ ಆಗುತ್ತಿದ್ದುದರಿಂದ ಯಾರೋ ಪುಣ್ಯಾತ್ಮರು ಒಳ್ಳೆಯ ಇಳಿಜಾರು ಕಟ್ಟಿಸಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿಯನ್ನೂ ಹಾಕಿಸಿದ್ದರು. ವರ್ಷವಿಡೀ ನಮ್ಮ ಮಕ್ಕಳು ಅದನ್ನು ಜಾರುಬಂಡೆ ಅಂದುಕೊಂಡಿದ್ದರು. ಹೊಂಗೆ ಮರಕ್ಕೆ ರೈಲು ಕಂಬಿಯ ಒಂದು ತುಂಡು ನೇತುಹಾಕಿತ್ತು, ಅದೇ ನಮ್ಮ ಗಂಟೆ. ಹಿಂದುಗಡೆ ಅಡುಗೆ ಮನೆ. ಅಲ್ಲಿ ಗೌರಮ್ಮನ ರಾಜ್ಯಭಾರ.

ಗೌರಮ್ಮ ನನ್ನನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಅದಕ್ಕೆ ಕಾರಣ ಸೂರ್ಯಗ್ರಹಣ. ನಾನು ವಿಜ್ಞಾನ ಓದಿದವಳು, ಆ ವಯಸ್ಸಿನಲ್ಲೂ ಹುಮ್ಮಸ್ಸು ಇಳಿದಿರಲಿಲ್ಲ. ಗ್ರಹಣದ ದಿನ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆತಂದು, ರಟ್ಟಿನಲ್ಲಿ ಸೂಜಿ ತೂತು ಮಾಡಿ ನೆಲದ ಮೇಲೆ ಸೂರ್ಯನ ಬಿಂಬ ತೋರಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಗ್ರಹಣದ ಹೊತ್ತಿನಲ್ಲಿ ತಿಂದರೆ ಏನೂ ಆಗುವುದಿಲ್ಲ ಎಂದು ಸಾಬೀತು ಮಾಡಲು ಎಲ್ಲರಿಗೂ ಚುರುಮುರಿ ಹಂಚಿದೆ. ಮಾರನೆಯ ದಿನ ಇಬ್ಬರಿಗೆ ಹೊಟ್ಟೆನೋವು. ಸಂಜೆ ಯಾರದೋ ತೋಟಕ್ಕೆ ನುಗ್ಗಿ ಕಾಯಿ ಸೀಬೆ ತಿಂದಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. "ಗ್ರಾಣದ ಮೇಡಮ್ಮ" ಎಂಬ ಹೆಸರು ನನಗೆ ಅಂಟಿಕೊಂಡಿತು. ಗೌರಮ್ಮ ಒಂದು ತಿಂಗಳು ನನಗೆ ಸಾರಿನ ತಳ ಬಡಿಸದೆ ಬರೀ ತಿಳಿ ಬಡಿಸಿದಳು.

ರಸ್ತೆಯ ಆಚೆ, ಶಾಲೆಗೆ ಎದುರಾಗಿ ಮಂಜುಳಾ ಎಂಬುವಳ ಮನೆ. ಅವಳ ಮಗಳು ಪವಿತ್ರ. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ, ಕೈ ಹೇಳಿದ ಹಾಗೆ ಕೇಳುವುದಿಲ್ಲ, ಬಾಯಲ್ಲಿ ಬರುವುದು ಮೂರೋ ನಾಲ್ಕೋ ಮಾತು. ಆದರೆ ಕಣ್ಣು ಮಾತ್ರ ಪೊಲೀಸಿನವರದು. ಯಾವ ಹುಡುಗ ತಡವಾಗಿ ಬಂದ, ಯಾವಳು ಮೊಟ್ಟೆಯ ಹಳದಿ ಬಿಸಾಡಿದಳು, ಎಲ್ಲ ಅವಳಿಗೆ ಗೊತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಲಿಯ ಮೇಲೆ ಕೂತು ನಮ್ಮ ಶಾಲೆ ನೋಡುತ್ತಿದ್ದಳು. ನಾವು ಕಂಬಿ ಹೊಡೆದ ಕೂಡಲೇ ಅವಳು ಸ್ಟೀಲ್ ಲೋಟವನ್ನು ಜಗಲಿಗೆ ಕುಟ್ಟುತ್ತಿದ್ದಳು. ನಮ್ಮ ಹಾಜರಿಯಲ್ಲಿ ಅವಳ ಹೆಸರೂ ಇತ್ತು, ಆದರೆ ದಿನವಿಡೀ ಅವಳನ್ನು ನೋಡಿಕೊಳ್ಳಲು ಶಾಲೆಯಲ್ಲಿ ಯಾರೂ ಇಲ್ಲದ್ದರಿಂದ, ಮನೆ ಆಧಾರಿತ ಶಿಕ್ಷಣ ಎಂದು. ವಾರಕ್ಕೊಮ್ಮೆ ಶಬೀನಾ ಎಂಬ ವಿಶೇಷ ಶಿಕ್ಷಕಿ ಸ್ಕೂಟರಿನಲ್ಲಿ ಬಂದು ಜಗಲಿಯಲ್ಲೇ ವ್ಯಾಯಾಮ ಮಾಡಿಸಿ ಹೋಗುತ್ತಿದ್ದರು. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಮಂಜುಳಾ ಮಗಳಿಗಾಗಿ ಕೆಲಸ ಬಿಟ್ಟು ಮನೆಯಲ್ಲೇ ಉಳಿದಿದ್ದಳು.

ಒಂದು ಜೂನ್ ತಿಂಗಳಲ್ಲಿ ಆದೇಶ ಬಂತು. ಹೋಬಳಿಯ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ದಿನವೂ ನಡೆಯುವ ಒಂದು ಕೇಂದ್ರ ಬೇಕು, ಬಸ್ಸಿನಿಂದ ಇಳಿದರೆ ಸಿಗುವ ಹಾಗೆ ಇರಬೇಕು, ಮೆಟ್ಟಿಲು ಇರಬಾರದು, ಆದ್ದರಿಂದ ನಿಮ್ಮ ಕಟ್ಟಡ ಬಿಟ್ಟುಕೊಡಿ. ನಿಮ್ಮ ಮಕ್ಕಳನ್ನು ಊರಾಚೆ ದಿಣ್ಣೆಯ ಮೇಲಿರುವ ಹೈಸ್ಕೂಲಿನ ಖಾಲಿ ಕೋಣೆಗಳಿಗೆ ಸಾಗಿಸಿ. ನನಗೆ ಸಂತೋಷವೇ ಆಯಿತು. ಪವಿತ್ರ ಇನ್ನು ರಸ್ತೆ ದಾಟಿ ಶಾಲೆಗೆ ಬರಬಹುದು. ಅವಳ ತಾಯಿಗೆ ಹೇಳಿದಾಗ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು, ಅದನ್ನು ಮುಚ್ಚಿಡುವುದಕ್ಕೇನಿದೆ.

ತೊಂದರೆ ಇದ್ದದ್ದು ತಿಂಗಳಿನಲ್ಲಿ. ಸಾಹೇಬರು, ಅಂದರೆ ನಮ್ಮ ತಾಲ್ಲೂಕಿನ ಶಿಕ್ಷಣಾಧಿಕಾರಿಗಳು, ಕೊಟ್ಟ ಗಡುವು ನೆಟ್ಟಗೆ ಆಷಾಢದ ನಡುವೆ ಬಿದ್ದಿತ್ತು.

ಸಂಜೆ ಹಾಲಿನ ಡೈರಿಯ ಮುಂದೆ ಸಭೆ ಸೇರಿತು. ಆ ಊರಿನಲ್ಲಿ ಎಲ್ಲರೂ ಒಟ್ಟಿಗೆ ಸಿಗುವುದು ಹಾಲು ಹಾಕುವ ಹೊತ್ತಿನಲ್ಲೇ. ಶಾಲಾ ಸಮಿತಿಯ ಅಧ್ಯಕ್ಷ ಮುನಿರಾಜಣ್ಣ ಕ್ಯಾನು ಕೆಳಗಿಟ್ಟು ಶುರು ಮಾಡಿದರು.

"ಮೇಡಮ್ಮೋರೆ, ಆ ಮಕ್ಳಿಗೆ ಜಾಗ ಬ್ಯಾಡ ಅನ್ನಾಕೆ ನಾವೇನ್ ರಾಕ್ಷಸ್ರಾ? ಕೊಡಾಣ. ಆದ್ರೆ ಆಷಾಡದಾಗೆ ಶಾಲೆ ಎತ್ತಾದು ಅಂದ್ರೆ? ಹೊಸಾ ಸೊಸೇನೇ ತವರಿಗೆ ಕಳ್ಸೋ ತಿಂಗ್ಳು ಇದು."

"ಅಣ್ಣ, ಸರ್ಕಾರಕ್ಕೆ ಆಷಾಢ ಗೊತ್ತಿಲ್ಲ."

"ಸರ್ಕಾರದ ಮಕ್ಳಲ್ಲ ಕಣಮ್ಮ, ನಮ್ಮ ಮಕ್ಳು. ನೀವು ಗ್ರಾಣದಾಗೇ ಚುರುಮುರಿ ತಿನ್ಸಿದೋರು, ನಿಮಗೆ ಹೇಳಿ ಏನ್ ಪ್ರಯೋಜನ?"

ಎಲ್ಲರೂ ನಕ್ಕರು. ಅಲ್ಲಿ ನಾನು ವಿಜ್ಞಾನದ ಭಾಷಣ ಶುರು ಮಾಡಿದ್ದರೆ ಶಾಲೆ ಇವತ್ತಿಗೂ ಅಲ್ಲೇ ಇರುತ್ತಿತ್ತು, ಪವಿತ್ರ ಜಗಲಿಯಲ್ಲೇ ಇರುತ್ತಿದ್ದಳು. ಆದ್ದರಿಂದ ದಾರಿ ಬದಲಿಸಿದೆ.

"ಮುನಿರಾಜಣ್ಣ, ಒಂದು ಕೇಳ್ತೀನಿ. ಹಾಸಿಗೆ, ಬೀರು ಎತ್ಕೊಂಡು ಹೋದ ತಕ್ಷಣ ಮನೆ ಬದಲಾಯ್ಸಿದ ಹಾಗಾಯ್ತಾ?"

"ಅದೆಂಗಾಯ್ತದೆ? ಒಲೆ ಹಚ್ಚಿ ಹಾಲು ಉಕ್ಕಿಸ್ಬೇಕು."

"ಒಲೆ ಇಲ್ಲೇ ಉಳಿದ್ರೆ?"

ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದ ಗೌರಮ್ಮ ಹಿಂದಿನಿಂದಲೇ ತೀರ್ಪು ಕೊಟ್ಟಳು. "ಒಲೆ ಇಲ್ಲೇ ಇದ್ಮ್ಯಾಕೆ ಮನೆ ಇಲ್ಲೇ ಅದೆ ಅಂತ್ಲೇ ಲೆಕ್ಕ. ಮಿಕ್ಕಿದ್ದು ನೆಂಟರ ಮನೆಗೆ ಹೋಗ್ಬಂದಂಗೆ."

ಹೀಗೆ ನಮ್ಮ ಮಕ್ಕಳು ನೆಂಟರ ಮನೆಗೆ ಹೊರಟರು. ಬೆಂಚುಗಳು ಟ್ರ್ಯಾಕ್ಟರಿನಲ್ಲಿ ಹೋದವು. ಮಕ್ಕಳು ಭೂಗೋಳ, ಮಗ್ಗಿಯ ಚಾರ್ಟು, ಕಸಪೊರಕೆ ಹಿಡಿದು ಮೆರವಣಿಗೆ ಹೊರಟರು. ಸರಸ್ವತಿಯ ಪಟ ಮುಟ್ಟಬೇಡಿ ಎಂದು ಮುನಿರಾಜಣ್ಣ ಹೇಳಿದ್ದರಿಂದ ಅದು ಉಳಿಯಿತು. ರಾಷ್ಟ್ರನಾಯಕರ ಪಟಗಳನ್ನು ಯಾರೂ ತಡೆಯಲಿಲ್ಲ, ಅವರಿಗೆ ಆಷಾಢದ ತಂಟೆ ಇರಲಿಲ್ಲವೆಂದು ಕಾಣುತ್ತದೆ. ಹೈಸ್ಕೂಲಿನಲ್ಲಿ ಕರೆಂಟ್ ಬೆಲ್ ಇದ್ದುದರಿಂದ ನಮ್ಮ ಕಂಬಿಯೂ ಹೊಂಗೆ ಮರದಲ್ಲೇ ಉಳಿಯಿತು. ಅಡುಗೆ ಹಳೆಯ ಜಾಗದಲ್ಲೇ, ಮಕ್ಕಳು ಮಧ್ಯಾಹ್ನ ದಿಣ್ಣೆ ಇಳಿದು ಬಂದು ಉಂಡು ಹೋಗುವುದು ಎಂದಾಯಿತು.

ಅಂದು ಸಾಹೇಬರ ಫೋನು. "ಶಿಫ್ಟ್ ಆಯ್ತಾ ಮೇಡಂ?"

"ಆಯ್ತು ಸಾರ್. ಮಕ್ಕಳು, ಬೆಂಚು, ನಾನು, ಎಲ್ಲಾ ಹೈಸ್ಕೂಲಲ್ಲೇ ಇದೀವಿ."

ಸಂಜೆ ಡೈರಿಯ ಹತ್ತಿರ ಮುನಿರಾಜಣ್ಣ. "ಶಾಲೆ ಎತ್ತಲಿಲ್ಲ ತಾನೆ?"

"ಒಲೆ ಅಲ್ಲೇ ಇದೆ ಅಣ್ಣ."

ಎರಡೂ ನಿಜವೇ. ಹೊಸಬರು ಇದನ್ನು ಗಮನಿಸಬೇಕು. ಸರ್ಕಾರಿ ಕೆಲಸದಲ್ಲಿ ಸುಳ್ಳು ಹೇಳುವ ಅಗತ್ಯ ಬೀಳುವುದೇ ಇಲ್ಲ, ಯಾವ ನಿಜವನ್ನು ಯಾರಿಗೆ ಹೇಳಬೇಕು ಎಂದು ಗೊತ್ತಿದ್ದರೆ ಸಾಕು.

ಕೇಂದ್ರ ಶುರುವಾದ ದಿನ ನಾನು ಪಾಠವನ್ನು ಸಹಶಿಕ್ಷಕಿಗೆ ವಹಿಸಿ ಕೆಳಗೇ ಇದ್ದೆ. ಶಬೀನಾ ಮೇಡಂ ಬಣ್ಣದ ಚಾಪೆ ಹಾಸಿ, ಗೋಡೆಗೆ ಬಲೂನು ಕಟ್ಟಿದ್ದರು. ಸುತ್ತಲಿನ ಊರುಗಳಿಂದ ನಾಲ್ಕಾರು ಮಕ್ಕಳು ಬಂದರು. ಮಂಜುಳಾ ಮಗಳಿಗೆ ಹೊಸ ಲಂಗ ತೊಡಿಸಿ, ಎರಡು ಜಡೆ ಹಾಕಿ, ಗಾಲಿ ಕುರ್ಚಿಯಲ್ಲಿ ಕೂರಿಸಿ ರಸ್ತೆ ದಾಟಿಸಿದಳು. ಇಳಿಜಾರು ಹತ್ತುವಾಗ ಪವಿತ್ರ ಖುಷಿಯಿಂದ ಕೂಗಿದಳು. ಒಳಗೆ ಬಂದಳು. ಈ ಕಡೆ ನೋಡಿದಳು, ಆ ಕಡೆ ನೋಡಿದಳು. ಪಕ್ಕದ ಕೋಣೆಯ ಕಡೆ ಕುತ್ತಿಗೆ ಚಾಚಿದಳು. ಆಮೇಲೆ ಬಾಯಿ ತೆರೆದು ಅಳಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಬಲೂನು ಕೊಟ್ಟರೂ ಇಲ್ಲ, ಬಿಸ್ಕತ್ತು ಕೊಟ್ಟರೂ ಇಲ್ಲ. ಊಟದ ಹೊತ್ತಿಗೆ ಮುಂಚೆಯೇ ಮಂಜುಳಾ ಅವಳನ್ನು ಮನೆಗೆ ಕರೆದುಕೊಂಡು ಹೋದಳು.

ಎರಡನೆಯ ದಿನವೂ ಅದೇ ಕತೆ. ಮಂಜುಳಾ ಸೋತು ನನ್ನ ಹತ್ತಿರ ಬಂದಳು. "ಶಾಲೆಗೆ ಹೋಗ್ಬೇಕು ಅಂತ ಇಷ್ಟು ವರ್ಷ ಅತ್ಲು. ಶಾಲೆಗೆ ಬಂದ್ರೂ ಅಳ್ತಾಳೆ. ಇದೊಂದ್ ವಾರ ನೋಡ್ತೀನಿ ಮೇಡಮ್ಮೋರೆ. ಹಿಂಗೇ ಆದ್ರೆ ಮನೇಲೇ ಇರ್ಲಿ ಬುಡಿ, ಊರವರ ಕೈಲಿ ಮಾತು ಕೇಳಕಾಗಲ್ಲ."

ಮಾತು ಮುಗಿಯುವಷ್ಟರಲ್ಲಿ ಅಡುಗೆ ಮುಗಿಸಿದ ಗೌರಮ್ಮ ಕಂಬಿ ಹೊಡೆದಳು. ದಿಣ್ಣೆಯ ಮೇಲಿನಿಂದ ನಮ್ಮ ಮಕ್ಕಳು ತಟ್ಟೆ ಬಡಿದುಕೊಂಡು ಓಡಿ ಬಂದರು. ಪವಿತ್ರಳ ಅಳು ನಡುವೆಯೇ ನಿಂತುಹೋಯಿತು. ಕಣ್ಣೀರು ಇನ್ನೂ ಗಲ್ಲದ ಮೇಲಿತ್ತು, ಮುಖವೆಲ್ಲ ನಗು. ಎರಡನೇ ತರಗತಿಯ ಹುಡುಗಿಯೊಬ್ಬಳು "ಏ, ಜಗಲಿ ಅಕ್ಕ ಇಲ್ಲೇ ಅವ್ಳೆ!" ಎಂದು ಕೂಗಿ ಅವಳ ಕುರ್ಚಿಯ ಪಕ್ಕದಲ್ಲೇ ಕೂತು ಉಂಡಳು. ಆಗ ನನಗೆ ಹೊಳೆಯಿತು. ಆ ಹುಡುಗಿ ಇಷ್ಟು ವರ್ಷ ನೋಡುತ್ತಾ ಕೂತಿದ್ದು ಕಟ್ಟಡವನ್ನಲ್ಲ, ಈ ಮಕ್ಕಳನ್ನು. ಅವಳಿಗೆ ಜಾಗ ಮಾಡಿಕೊಡುತ್ತೇವೆಂದು ಹೊರಟು, ಅವಳು ಯಾರಿಗಾಗಿ ಬರಬೇಕೆಂದಿದ್ದಳೋ ಅವರನ್ನೇ ನಾವು ದಿಣ್ಣೆಯ ಮೇಲಕ್ಕೆ ಸಾಗಿಸಿಬಿಟ್ಟಿದ್ದೆವು. ನನಗೆ ಬಹಳ ಸಂಕಟವಾಯಿತು. ಊರಿನ ಆಷಾಢ, ಗೌರಮ್ಮನ ಒಲೆ ಇಲ್ಲದಿದ್ದರೆ ಆ ಊಟದ ಹೊತ್ತೂ ಅವಳಿಗೆ ಸಿಗುತ್ತಿರಲಿಲ್ಲ.

ಆಮೇಲಿನದು ಶಬೀನಾ ಮೇಡಂ ಕರಾಮತ್ತು. ವ್ಯಾಯಾಮಕ್ಕೆ ಕೈ ಎತ್ತು ಎಂದರೆ ಪವಿತ್ರ ಮುಖ ತಿರುಗಿಸುತ್ತಿದ್ದಳು. ಒಂದು ದಿನ ಅವಳ ಕುರ್ಚಿಯನ್ನು ಹೊಂಗೆ ಮರದ ಕೆಳಗೆ ತಂದು, ಕೈಗೆ ಸರಳು ಕೊಟ್ಟು, "ನೀನು ಹೊಡೆದ್ರೆ ಅವರೆಲ್ಲಾ ಬರ್ತಾರೆ, ನೋಡು" ಅಂದರು. ಕೈ ನಡುಗುತ್ತಾ ಎದ್ದಿತು, ತಪ್ಪಿತು, ಮತ್ತೆ ಎದ್ದಿತು, ಕೊನೆಗೆ ಕಂಬಿಗೆ ತಾಗಿತು. ಸದ್ದು ಎಷ್ಟು ಸಣ್ಣದೆಂದರೆ ದಿಣ್ಣೆಯ ಮೇಲೆ ಯಾರಿಗೂ ಕೇಳಿಸಲಿಲ್ಲ. ಗೌರಮ್ಮ ಸರಳು ಕಿತ್ತುಕೊಳ್ಳಲು ಬಂದಳು, ಶಬೀನಾ ಬಿಡಲಿಲ್ಲ. ಅಂದು ನಮ್ಮ ಮಕ್ಕಳು ಹಸಿದುಕೊಂಡು ಬಹಳ ಹೊತ್ತು ಕಾದರು. ಮಾರನೆಯ ದಿನದಿಂದ ಅವರೇ ಒಂದು ಉಪಾಯ ಕಂಡುಕೊಂಡರು. ಊಟದ ಹೊತ್ತು ಹತ್ತಿರವಾಗುತ್ತಲೇ ಐದೂ ತರಗತಿ ತಾನಾಗಿಯೇ ಬಾಯಿ ಮುಚ್ಚಿ ಕಿವಿಗೊಟ್ಟು ಕೂರುತ್ತಿತ್ತು. "ಸೈಲೆನ್ಸ್" ಎಂದು ಕಿರುಚಿ ಕಿರುಚಿ ನನ್ನ ಗಂಟಲು ಹೋಗಿತ್ತು, ಅಷ್ಟು ವರ್ಷದಲ್ಲಿ ಆಗದ ಕೆಲಸ ಇದು.

ಶ್ರಾವಣ ಬಂತು. ಸಾಹೇಬರ ಫೋನೂ ಬಂತು. "ಹೈಸ್ಕೂಲಲ್ಲೇ ದೊಡ್ಡ ಅಡುಗೆ ಮನೆ ಇದೆ, ಇನ್ನೂ ಯಾಕೆ ಮೇಡಂ ಕೆಳಗೆ ಬೇರೆ ಒಲೆ? ಆಷಾಢದ ಕತೆ ನನಗೂ ಗೊತ್ತಾಯ್ತು, ಅದೂ ಮುಗೀತಲ್ಲ, ಎತ್ತಿಸಿ." ಅವರು ಕೆಟ್ಟವರಲ್ಲ, ಅವಸರದವರು. ನಾನು "ಆಯ್ತು ಸಾರ್" ಎಂದು ಅಡುಗೆ ಮನೆಗೆ ಹೋದರೆ ಗೌರಮ್ಮ ಆಗಲೇ ಡಬ್ಬಗಳನ್ನು ಒರೆಸಿ ಜೋಡಿಸುತ್ತಿದ್ದಳು.

"ಬರೋ ಸ್ವಾಮಾರ ಒಲೆ ಎತ್ತಾಣ ಮೇಡಮ್ಮೋರೆ. ಉಕ್ಕಿಸಾಕೆ ಹಾಲು ನಾನೇ ತತ್ತೀನಿ."

"ಸೋಮವಾರ ಬೇಡ ಗೌರಮ್ಮ. ರಾಹುಕಾಲ ಇದೆ."

"ಅದು ಬೆಳಿಗ್ಗೇನೇ ಕಳ್ದೋಯ್ತದಲ್ಲ?"

"ಅವತ್ತು ತಿಥಿ ಸರಿಯಿಲ್ಲ."

ಗೌರಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ಹೊಸ ಪಂಚಾಂಗವನ್ನೂ ನೋಡಿದಳು. ಬಸ್ ನಿಲ್ದಾಣದ ಅಂಗಡಿಯಲ್ಲಿ ಅದನ್ನು ಕೊಳ್ಳುವಾಗ ನಾನು ಆಚೆ ಈಚೆ ನೋಡಿ, ಕದ್ದ ಮಾಲಿನಂತೆ ಒಳಗೆ ತುರುಕಿಕೊಂಡಿದ್ದೆ.

"ನೀವು ಪಂಚಾಂಗ ನೋಡಾದಾ? ಮೈಗೆ ಉಷಾರಾಗಿದ್ದೀರಾ ಮೇಡಮ್ಮೋರೆ?"

ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಹೊರಗೆ ಊಟ ನಡೆದಿತ್ತು. ಪವಿತ್ರಳ ಕುರ್ಚಿಯ ಪಕ್ಕ ಕೂರಲು ಇಬ್ಬರು ಜಡೆ ಹಿಡಿದು ಜಗಳವಾಡುತ್ತಿದ್ದರು, ಪವಿತ್ರ ಕೇಕೆ ಹಾಕಿ ನಗುತ್ತಿದ್ದಳು. ಗೌರಮ್ಮ ನೋಡುತ್ತಾ ನಿಂತಳು. ಆಮೇಲೆ ಡಬ್ಬಗಳನ್ನು ಒಂದೊಂದಾಗಿ ಮತ್ತೆ ಗೂಡಿಗೆ ಇಟ್ಟಳು.

"ಸ್ವಾಮಾರ ನಮ್ಮನೆ ದ್ಯಾವ್ರಿಗೆ ಆಗ್ಬರಲ್ಲ," ಅಂದಳು. "ಮರ್ತೇ ಬುಟ್ಟಿದ್ದೆ."

ಅಲ್ಲಿಂದ ಮುಂದೆ ನಾವಿಬ್ಬರೂ ಸೇರಿ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಶುಕ್ರವಾರ ಲಕ್ಷ್ಮಿಯ ದಿನ, ಒಲೆ ಹೊರಗೆ ಕಳಿಸಬಾರದು. ಮಂಗಳವಾರ ಬೇಡವೇ ಬೇಡ. ಗೌರಿ ಹಬ್ಬ ಬಂತು, ಗೌರಮ್ಮನ ಹೆಸರಿನ ಹಬ್ಬವೇ ಅದು, ಅವಳು ಬಿಡುವಾಗಿ ಸಿಗಲಿಲ್ಲ. ಆಮೇಲೆ ಪಿತೃಪಕ್ಷ, ಅದರ ವಿಷಯ ಕೇಳಲೇಬಾರದು. ಸಾಹೇಬರು ಪ್ರತಿ ಸಲ ಫೋನ್ ಮಾಡಿದಾಗಲೂ ನಾನು ಗಂಭೀರವಾಗಿ ಪಂಚಾಂಗ ಓದಿ ಹೇಳುತ್ತಿದ್ದೆ.

"ಮೇಡಂ, ನೀವು ಸೈನ್ಸ್ ಟೀಚರ್ ಅಲ್ವಾ?" ಎಂದು ಒಮ್ಮೆ ತಡೆಯಲಾರದೆ ಕೇಳಿದರು.

"ಹೌದು ಸಾರ್, ನನಗೆ ಇದರಲ್ಲೆಲ್ಲ ಒಂಚೂರೂ ನಂಬಿಕೆ ಇಲ್ಲ. ಆದ್ರೆ ಅಡುಗೆಯವರು ಕೋಪ ಮಾಡ್ಕೊಂಡ್ರೆ ಮಕ್ಕಳು ಉಪವಾಸ ಸಾರ್."

ಪಂಚಾಂಗದಲ್ಲಿ ಕೆಟ್ಟ ದಿನಗಳು ಮುಗಿಯುವ ಹೊತ್ತಿಗೆ ಪಂಚಾಯಿತಿಯ ಉಪಚುನಾವಣೆ ಘೋಷಣೆಯಾಯಿತು. ಸರ್ಕಾರಕ್ಕೂ ಒಂದು ಆಷಾಢ ಉಂಟು, ಅದರ ಹೆಸರು ನೀತಿ ಸಂಹಿತೆ. ಮತಗಟ್ಟೆಯ ಆವರಣದಿಂದ ಒಂದು ಸೌಟು ಎತ್ತಲೂ ನನಗೆ ಧೈರ್ಯವಿಲ್ಲ ಸಾರ್ ಎಂದೆ. ಅದಕ್ಕೆ ಅವರೂ ತಲೆಬಾಗಲೇಬೇಕಾಯಿತು. ನನಗೆ ಉಳಿದಿದ್ದ ಸೇವೆ ಕೆಲವೇ ತಿಂಗಳು. ಹೇಗಾದರೂ ಎಳೆದುಬಿಟ್ಟರೆ ಸಾಕು ಎಂದುಕೊಂಡೆ. ನಾನು ಹೋದ ಮೇಲೆ ಪವಿತ್ರಳ ಗತಿ ಏನು ಎಂಬ ಯೋಚನೆ ಬಂದಾಗ ಮಾತ್ರ ನಗು ನಿಂತುಹೋಗುತ್ತಿತ್ತು.

ಚುನಾವಣೆಯೂ ಮುಗಿದ ಮೇಲೆ, ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಸಾಹೇಬರು ಹೇಳದೆ ಕೇಳದೆ ಬಂದಿಳಿದರು. ಹಿಂದೆ ಒಂದು ಖಾಲಿ ಟೆಂಪೊ. "ಇವತ್ತು ಒಳ್ಳೆ ದಿನ ಅಂತ ನಮ್ಮನೆಯವರನ್ನೇ ಕೇಳ್ಕೊಂಡು ಬಂದಿದೀನಿ ಮೇಡಂ. ಒಲೆ, ಸಿಲಿಂಡರು ಎಲ್ಲಾ ಹತ್ತಿಸಿ." ನಾನು ಗೌರಮ್ಮನ ಮುಖ ನೋಡಿದೆ, ಗೌರಮ್ಮ ನನ್ನ ಮುಖ ನೋಡಿದಳು. ಇಬ್ಬರ ಚೀಲದಲ್ಲೂ ಯಾವ ನೆಪವೂ ಉಳಿದಿರಲಿಲ್ಲ. ಕೊನೆಗೆ ಅವಳೇ ಬಾಯಿ ಬಿಟ್ಟಳು. "ಸ್ವಾಮಿ, ಕೆಂಡದಂಥಾ ಒಲೆ ಹೆಂಗೆ ಎತ್ತಾದು? ಹೊಸಾ ಅವರೆಕಾಳಿನ ಸಾರು ಮಾಡಿವ್ನಿ. ಒಂದು ತುತ್ತು ಉಂಡ್ಕಳಿ, ಆಮ್ಯಾಕೆ ಎತ್ತೋರಂತೆ."

ಬೆಳಿಗ್ಗೆಯಿಂದ ಶಾಲೆಗಳನ್ನು ಸುತ್ತಿದ್ದ ಮನುಷ್ಯ, ವಾಸನೆ ಮೂಗಿಗೆ ಬಡಿದಿತ್ತು. ತಟ್ಟೆ ಹಿಡಿದು ನಿಂತರು. ಯಾರೂ ಬಡಿಸಲಿಲ್ಲ.

"ಇನ್ನೇನಕ್ಕೆ ಕಾಯ್ತಿರೋದು?"

"ಕಂಬಿ ಹೊಡೆದಿಲ್ಲ ಸಾರ್," ಎಂದೆ. "ಪವಿತ್ರ ಹೊಡೀಬೇಕು."

ಪವಿತ್ರ ಹೊಂಗೆ ಮರದ ಕೆಳಗೆ ಸರಳು ಹಿಡಿದು ಕೂತಿದ್ದಳು. ತಟ್ಟೆ ಹಿಡಿದ ಸಾಹೇಬರನ್ನು ನೋಡಿದಳು. ಸರಳು ಎತ್ತಿದಳು. ಸಾಹೇಬರು ತಟ್ಟೆ ಮುಂದೆ ಚಾಚಿದರು. ಅವಳು ಸರಳು ಇಳಿಸಿ ಕಿಲಕಿಲ ನಕ್ಕಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಶಬೀನಾ ಮೇಡಂ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಒಂದು ಕಡೆ ಭಯ, ಇನ್ನೊಂದು ಕಡೆ ಹೆಮ್ಮೆ. ಮೂರನೆಯ ಸಲಕ್ಕೆ ಸಾಹೇಬರೇ ಸೋತು ನಕ್ಕು "ಹೊಡಿಯಮ್ಮಾ ತಾಯಿ, ಹಸಿವಾಗ್ತಿದೆ" ಅಂದರು. ಠಣ್ ಎಂದು ಹೊಡೆದಳು. ಆಗ ಅವಳ ಏಟು ದಿಣ್ಣೆಯವರೆಗೂ ಕೇಳುತ್ತಿತ್ತು.

ಮಕ್ಕಳು ಇಳಿದು ಬಂದರು. ಕೇಂದ್ರದ ಮಕ್ಕಳು, ಶಾಲೆಯ ಮಕ್ಕಳು ಎಂದು ಬೇರೆ ಮಾಡಲಾಗದ ಹಾಗೆ ಬೆರೆತು ಕೂತರು. ಸಾಹೇಬರು ಇಳಿಜಾರಿನ ಮೇಲೆ ಕೂತು ಉಂಡರು, ಎರಡು ಸಲ ಸಾರು ಹಾಕಿಸಿಕೊಂಡರು. "ಇವಳ ತಾಯಿ ಎಲ್ಲಿ?" ಎಂದು ಕೇಳಿದರು. ಮಂಜುಳಾ ಮತ್ತೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ, ಬೆಳಿಗ್ಗೆ ಮಗಳನ್ನು ಬಿಟ್ಟು ಹೋದರೆ ಸಂಜೆಯೇ ಬರುವುದು ಎಂದೆ. ಅವರು ಕೈ ತೊಳೆದು, ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಾ ಮಕ್ಕಳನ್ನೇ ನೋಡಿದರು.

"ಒಲೆ ಮೇಲಕ್ಕೆ ಹೋದ್ರೆ ಈ ಮಕ್ಕಳು ಇಲ್ಲಿಗೆ ಬರಲ್ಲ, ಅಲ್ವಾ ಮೇಡಂ?"

"ಬರಲ್ಲ ಸಾರ್."

"ಈಗ ಯಾವ ಮಾಸ?"

"ಕಾರ್ತಿಕ ಸಾರ್."

"ಇಲ್ಲ ಮೇಡಂ, ನಿಮ್ಮ ಪಂಚಾಂಗ ತಪ್ಪಿದೆ," ಎಂದರು ಸಾಹೇಬರು, ಜೀಪು ಹತ್ತುತ್ತಾ. "ಆಷಾಢ. ನಾನು ಈ ತಾಲ್ಲೂಕಲ್ಲಿ ಇರೋವರೆಗೂ ಆಷಾಢ. ಮುಂದೆ ಬರೋರಿಗೂ ಹೇಳಿ ಹೋಗ್ತೀನಿ."

ಟೆಂಪೊ ಖಾಲಿಯಾಗಿಯೇ ತಿರುಗಿ ಹೊರಟಿತು. ಗೌರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಹೊಗೆ ಜಾಸ್ತಿ ಎಂದಳು. ಅದು ಗ್ಯಾಸ್ ಒಲೆ. ಉಂಡು ಮುಗಿಸಿದ ಮಕ್ಕಳು ದಿಣ್ಣೆಯ ಅರ್ಧ ದಾರಿ ಹತ್ತಿದ್ದರು. ಪವಿತ್ರ ಅವರ ಬೆನ್ನು ನೋಡಿದಳು, ನನ್ನ ಮುಖ ನೋಡಿದಳು, ಸರಳು ಎತ್ತಿ ಇನ್ನೊಂದು ಏಟು ಬಲವಾಗಿ ಹೊಡೆದಳು. ಅಷ್ಟೂ ಮಕ್ಕಳು ತೊಳೆದ ತಟ್ಟೆ ಹಿಡಿದುಕೊಂಡು ಮತ್ತೆ ಕೆಳಗೆ ಓಡಿ ಬಂದರು.